ಲೀಟರಿಗೆ ಮೂವತ್ತೈದು ಗ್ರಾಂ

ಸಿಹಿನೀರು ಅನ್ನುತ್ತೇವೆ,
ಅದಕ್ಕೆ ಸಕ್ಕರೆ ಹಾಕಿದವರು ಯಾರೂ ಇಲ್ಲ.
ಉಪ್ಪುನೀರಿಗೆ ಮಾತ್ರ ಉಪ್ಪು ಹಾಕುವವಳು ನಾನೇ:
ಲೀಟರಿಗೆ ಮೂವತ್ತೈದು ಗ್ರಾಂ,
ನೀಲಿ ಡ್ರಮ್ಮಿಗೆ ಏಳು ಕಿಲೋ.
ತಮ್ಮನ ಹಳೇ ಬ್ಯಾಟಿನಲ್ಲಿ ತಿರುವುತ್ತೇನೆ.
ಕಡಲನ್ನು ನಾನು ಕಂಡಿಲ್ಲ.

ಸ್ಕೂಟರಿನ ಡಿಕ್ಕಿಯಲ್ಲಿ ಪೈಪು, ಸ್ಪಂಜು, ಹೈಪೋ ಸೀಸೆ.
ಸೋಮವಾರ ಹಲಸೂರು, ಗುರುವಾರ ಸದಾಶಿವನಗರ.

ಹಲಸೂರಿನಲ್ಲಿ ಟೈಲರ್ ಏಳುಮಲೈ.
ಹೊಲಿಗೆ ಯಂತ್ರದ ಪಕ್ಕ ಒಂದೂವರೆ ಅಡಿ ಗಾಜು,
ಅದರಲ್ಲಿ ಗಪ್ಪಿ. ಎಷ್ಟು ಅಂತ ಕೇಳಬಾರದು,
ನಿನ್ನೆ ಎಣಿಸಿದ್ದು ಇವತ್ತಿಗೆ ಸುಳ್ಳು.
ಬ್ಲೌಸಿನ ಅಳತೆ ಕೊಡಲು ಬಂದವರ ಮಕ್ಕಳಿಗೆ
ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಕಟ್ಟಿಕೊಡುತ್ತಾರೆ,
ಕೊಸರು ಹಾಕಿದ ಹಾಗೆ.
ಸತ್ತದ್ದು ಬಾಗಿಲ ಬಳಿಯ ಕನಕಾಂಬರದ ಕುಂಡಕ್ಕೆ;
ಗಿಡ ಸೊಕ್ಕಿ ಹೂ ಬಿಟ್ಟಿದೆ.
ನನ್ನ ಕೂಲಿ ನೂರೈವತ್ತು ಮತ್ತು ಒಂದು ಲೋಟ ಚಹಾ.
ಎರಡೂ ಒಂದೇ ದಿನ ಸಿಕ್ಕಿದ್ದು ಅಪರೂಪ.

ಸದಾಶಿವನಗರದಲ್ಲಿ ಹಲ್ಲಿನ ಡಾಕ್ಟರ್ ಮೊಣ್ಣಪ್ಪ.
ಅವರ ಮೀನಿಗೆ ಬಿಲ್ಲಿದೆ, ವಿಮಾನದಲ್ಲಿ ಬಂದ ಗುರುತಿದೆ.
ಹವಳಕ್ಕೆ ಬೇರೆ ಬಿಸಿಲು, ನೀರಿಗೆ ಬೇರೆ ಅಲೆ,
ಅಲೆಗೂ ಒಂದು ಸ್ವಿಚ್ಚು.
ಡೈರಿಯಲ್ಲಿ ದಿನಕ್ಕೆರಡು ಸಲ ಕ್ಯಾಲ್ಸಿಯಂ, ಕ್ಷಾರ, ತಾಪ;
ಹೆಂಡತಿಯ ಬಿಪಿ ಅದೇ ಡೈರಿಯ ಕೊನೆಯ ಪುಟದಲ್ಲಿ.
ದವಡೆ ಹಿಡಿದು ಕೂತ ರೋಗಿಗಳು
ಹಳದಿ ಮೀನನ್ನು ನೋಡುತ್ತ ಸರದಿ ಮರೆಯುತ್ತಾರೆ.

ಶಿವಾಜಿನಗರದ ಅಂಗಡಿಯಲ್ಲಿ ಶಂಶೀರ್ ಚಾಚಾ ಕಲಿಸಿದ್ದು:
ಸಿಹಿನೀರ ಮೀನು ನೀರು ಕುಡಿಯುವುದಿಲ್ಲ ಬೇಟಿ,
ನೀರೇ ಮೈಯೊಳಗೆ ನುಗ್ಗುತ್ತೆ, ಹೊರಹಾಕುವುದೇ ಅದರ ಕೆಲಸ.
ಉಪ್ಪುನೀರ ಮೀನು ಕುಡಿಯುತ್ತಲೇ ಇರುತ್ತೆ,
ಅಷ್ಟು ನೀರಿನ ನಡುವೆ ಒಣಗಿ ಹೋಗದಿರಲು.
ಉಪ್ಪು ತಿಂದವ ನೀರು ಕುಡಿಯಲೇಬೇಕು ಅಂತ
ಅಮ್ಮ ತಮ್ಮನಿಗೆ ಬೈದಾಗಲೆಲ್ಲ
ನನಗೆ ಆ ಹಳದಿ ಮೀನಿನ ಬಾಯಿ ನೆನಪಾಗುತ್ತದೆ.

ಏಪ್ರಿಲ್‌ನ ಒಂದು ರಾತ್ರಿ
ಗುಲ್ಮೊಹರ್ ಮುರಿದು ತಂತಿಯ ಮೇಲೆ ಬಿತ್ತು. ಊರೆಲ್ಲ ಕತ್ತಲೆ.
ಇನ್ವರ್ಟರು ಎರಡು ಗಂಟೆ ಹೆಣಗಿ ಕೈಚೆಲ್ಲಿತು.
ಡಾಕ್ಟರು ಹಲೋ ಅನ್ನದೆ "ಪಂಪು ನಿಂತಿದೆ" ಅಂದರು.
ಹೋದೆ. ಇಬ್ಬರೂ ಸ್ಟೂಲು ಹತ್ತಿ
ಚೊಂಬಿನಲ್ಲಿ ನೀರೆತ್ತಿ ನೀರಿಗೇ ಸುರಿದೆವು,
ಎತ್ತರದಿಂದ, ನೊರೆಯೇಳುವಂತೆ,
ಚಹಾ ಆರಿಸುವ ಹಾಗೆ, ನಾಲ್ಕೂವರೆಯವರೆಗೆ.
"ಕಡಲು ಹೇಗಿರುತ್ತೆ ಸಾರ್?"
ಅವರು ಸ್ವಲ್ಪ ಯೋಚಿಸಿ,
"ಇಷ್ಟು ಖರ್ಚು ಬರಲ್ಲ" ಅಂದರು.
ನಕ್ಕೆವು. ಅಷ್ಟರಲ್ಲಿ ಒಂದು ಮೀನು ಮಗ್ಗುಲಾಯಿತು,
ಮತ್ತೆ ಚೊಂಬಿನ ಸದ್ದು ಮಾತ್ರ.

"ಕರೆಂಟು ಹೋಗಿತ್ತಾ?" ಅಂತ
ಸೋಮವಾರ ಏಳುಮಲೈ ನನ್ನನ್ನೇ ಕೇಳಿದರು,
ಬಾಯಲ್ಲಿ ದಾರ ಕಚ್ಚಿಕೊಂಡು.

ಯಾವುದು ಸಾಕುವುದು ಒಳ್ಳೇದು ಅಂತ ಹೊಸಬರು ಕೇಳುತ್ತಾರೆ.
ನಿಮಗೆ ನಿದ್ದೆ ಹೇಗೆ ಬರುತ್ತೆ, ಅದನ್ನು ಹೇಳಿ ಮೊದಲು.

ಮಂಗಳವಾರ ಬೆಳಗಿನ ಜಾವ
ಲಿಂಗರಾಜಪುರದ ನಮ್ಮ ಬೀದಿಗೆ ಕಾವೇರಿ.
ಕಡಲಿಗೆಂದು ಹೊರಟವಳನ್ನು ನಡುದಾರಿಯಲ್ಲಿ ತಡೆದು
ಪಂಪು ಹಚ್ಚಿ, ದಿಣ್ಣೆ ಹತ್ತಿಸಿ ಕರೆತರುತ್ತಾರೆ;
ಕೊಳಾಯಿಯಲ್ಲಿ ಕೆಮ್ಮಿ ಕೆಮ್ಮಿ ಬರುತ್ತಾಳೆ.
ಎರಡು ಕೊಡ ಅಡುಗೆಗೆ,
ಒಂದು ಬಕೀಟು ಬಿಸಿಲಿಗಿಟ್ಟು ಏಳುಮಲೈಗೆ,
ಉಳಿದದ್ದು ಸೋಸಿ ಸೋಸಿ ಡ್ರಮ್ಮಿಗೆ.
ಉಪ್ಪು ಸುರಿಯುತ್ತೇನೆ. ಮೊದಲು ಅಕ್ಕಿ ತೊಳೆದ ನೀರು,
ಆಮೇಲೆ ತಿಳಿ.
ಮಾಪಕ ಹೇಳುವ ಮೊದಲೇ ಬೆರಳು ನೆಕ್ಕಿ ನೋಡಿ
ತಲುಪಿದೆಯಲ್ಲ ತಾಯಿ, ಅನ್ನುತ್ತೇನೆ,
ಸದಾಶಿವನಗರದ ಎರಡನೇ ಮಹಡಿಯಲ್ಲಾದರೂ.

ಬೆರಳ ಸೀಳಿನಲ್ಲಿ ಉರಿ.
ಸ್ಕೂಟರಿನ ಡಿಕ್ಕಿಗೆ ತುಕ್ಕು ಹತ್ತುತ್ತಿದೆ,
ಕಡಲ ದಂಡೆಯ ಊರುಗಳಲ್ಲಿ ಹತ್ತುವುದೂ
ಹೀಗೇ ಅಂತೆ.